ಗಾಜಿನ ಪೆಟ್ಟಿಗೆಯಲ್ಲಿ ನಮ್ಮ ಕೋಲು

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ವೈನ್ ತಯಾರಕರ ಬಳಗದ ಕಾರ್ಯದರ್ಶಿಗಳೇ, ಮುಂದಿನ ಸಾಲಿನಲ್ಲಿ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಹಿರಿಯರೇ, ಹಿಂದಿನ ಸಾಲಿನಲ್ಲಿ ಊಟದ ಕೋಣೆಯತ್ತ ಕತ್ತು ತಿರುಗಿಸಿರುವ ಸಭಿಕರೇ,

ಸನ್ಮಾನಕ್ಕೆ ಉತ್ತರವಾಗಿ ನಾನು ಎರಡು ಒಳ್ಳೆಯ ಮಾತು ಆಡಬೇಕು. ಆ ಎರಡು ಮಾತನ್ನು ನನ್ನ ಮಗಳು ತಿದ್ದಿ ತೀಡಿ ಕೊಟ್ಟಿದ್ದಾಳೆ. "ಅಪ್ಪಾ, ಬರ್ದಿರೋದನ್ನ ಮಾತ್ರ ಓದಿ. ನಿಮ್ಮ ನಾಲಿಗೆ ಬಿಟ್ರೆ ಹಿಡಿಯೋಕಾಗಲ್ಲ" ಎಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾಳೆ. ಆ ಹಾಳೆ ಜೇಬಿನಲ್ಲಿದೆ. ಅಲ್ಲಿಯೇ ಇರಲಿ. ಈಗಷ್ಟೇ ಅಧ್ಯಕ್ಷರು ಈ ಗಾಜಿನ ಪೆಟ್ಟಿಗೆಯನ್ನು ನನ್ನ ಕೈಗಿತ್ತರು, ನೀವೆಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ. ಇದರೊಳಗೆ ಏನಿದೆ ಎಂದು ನೋಡಿದ ಮೇಲೆ ಆ ಹಾಳೆಯನ್ನು ಓದುವುದು ನನ್ನಿಂದ ಸಾಧ್ಯವಿಲ್ಲ.

ಹಿಂದೆ ಕುಳಿತವರಿಗೆ ಕಾಣುತ್ತಿದೆಯೇ? ಎತ್ತಿ ಹಿಡಿಯುತ್ತೇನೆ. ಒಳಗೆ ನೀಲಿ ಮಖಮಲ್ಲು, ಅದರ ಮೇಲೆ ಒಂದು ಕೋಲು. ಮರಳು ಕಾಗದದಿಂದ ಉಜ್ಜಿ ನಯ ಮಾಡಿ, ಮೇಲೆ ವಾರ್ನಿಷ್ ಬಳಿದಿದ್ದಾರೆ. ಕೆಳಗೆ ಹಿತ್ತಾಳೆಯ ಪಟ್ಟಿ: 'ಪರಂಪರೆಯ ಕುರುಹು'. ಅದರ ಕೆಳಗೆ ನನ್ನ ಹೆಸರು.

ಈ ಕೋಲನ್ನು ನನ್ನ ಹೆಂಡತಿ ಹೋದ ವಾರದಿಂದ ಹುಡುಕುತ್ತಿದ್ದಾಳೆ. ಮಂಚದ ಕೆಳಗೆ ಹುಡುಕಿದಳು, ಸೌದೆ ರಾಶಿಯನ್ನು ಕೆದರಿ ನೋಡಿದಳು, ಪಕ್ಕದ ಮನೆಯ ನಾಯಿಯ ಮೇಲೂ ಅನುಮಾನ ಪಟ್ಟಳು. ನಾಯಿಗೆ ನಾನು ಇಲ್ಲಿಂದಲೇ ಕ್ಷಮೆ ಕೇಳುತ್ತೇನೆ.

ಇದು ಯಾವ ಕೋಲು ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳಿದಿರಾ? ಉಜ್ಜುವ ಮೊದಲು ಒಬ್ಬರಾದರೂ ನಮ್ಮ ಮನೆಯ ಬಾಗಿಲು ತಟ್ಟಿದಿರಾ? ಕೇಳಲಿಲ್ಲ. ಆದ್ದರಿಂದ ಈಗ ಕೇಳಿಸಿಕೊಳ್ಳಿ. ಊಟ ಆರಿದರೆ ಆರಲಿ.

ನಾನು ಹುಟ್ಟು ವೈನ್‌ಗಾರನಲ್ಲ. ನಗರಸಭೆಯ ಗ್ರಂಥಾಲಯದಲ್ಲಿ ಪುಸ್ತಕ ಕಾಯ್ದುಕೊಂಡಿದ್ದವನು. ವೈನ್ ನನಗೆ ಬಂದದ್ದು ಮದುವೆಯಿಂದ. ನನ್ನ ಹೆಂಡತಿಯನ್ನು ಸಾಕಿದ್ದು ಅವಳ ಸೋದರತ್ತೆ. ಬೀದಿಯವರೆಲ್ಲ ಆಕೆಯನ್ನು ಹುಳಿಯತ್ತೆ ಎನ್ನುತ್ತಿದ್ದರು, ಆಕೆಯ ವೈನಿಗೂ ಮುಖಕ್ಕೂ ಸೇರಿಸಿ. ಮನೆಯ ಕೆಳಗೆ ಒಂದು ನೆಲಮಾಳಿಗೆ, ಅದರ ಗೋಡೆಯ ತುಂಬ ಕಪ್ಪು ಬೂಷ್ಟು, ಒಂದು ಮರದ ತೊಟ್ಟಿ, ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಈ ಕೋಲು. ಹಿಂಡಿದ ರಸವನ್ನು ತೊಟ್ಟಿಗೆ ಸುರಿದು ಈ ಕೋಲಿನಿಂದ ಕಲಕಬೇಕು. ಕಲಕಿ ಹಾಗೆಯೇ ನೇತುಹಾಕಬೇಕು, ತೊಳೆಯಬಾರದು. ಕೋಲಿನ ಮೇಲೆ ಒಣಗಿದ ಹಕ್ಕಳೆಯಲ್ಲಿ ಯೀಸ್ಟ್ ನಿದ್ದೆ ಮಾಡುತ್ತದೆ. ಮುಂದಿನ ಸುಗ್ಗಿಗೆ ರಸ ತಾಗಿದೊಡನೆ ಎದ್ದು ಕೂರುತ್ತದೆ. ನಮ್ಮ ವೈನ್ ಎಂದರೆ ಅಷ್ಟೇ. ಉಳಿದದ್ದೆಲ್ಲ ನಮ್ಮ ಬೆನ್ನುನೋವು.

ನಾನೋ ಓದಿದವನು. ಮದುವೆಯಾದ ಹೊಸದರಲ್ಲಿ ಪುಸ್ತಕ ಮುಂದಿಟ್ಟುಕೊಂಡು, ಅಂಗಡಿಯ ಯೀಸ್ಟ್ ಪೊಟ್ಟಣ ತಂದು, ಬೇರೆಯದೇ ಜಾಡಿಯಲ್ಲಿ ಒಂದು ವೈನ್ ಮಾಡಿದೆ. ತಿಳಿಯಾಗಿತ್ತು, ಪರಿಮಳವಿತ್ತು. ಹೆಮ್ಮೆಯಿಂದ ಹೆಂಡತಿಗೆ ಕೊಟ್ಟೆ. ಒಂದು ಗುಟುಕು ಕುಡಿದು ಅವಳು ಕೇಳಿದಳು: "ಚೆನ್ನಾಗಿದೆ. ಯಾರದ್ದು?"

ಯಾರದ್ದು! ಸಭಿಕರೇ, ಈ ಒಂದು ಪ್ರಶ್ನೆಯನ್ನು ಈ ಸಭಾಂಗಣದ ಪ್ರತಿ ಮೇಜಿನ ಮೇಲೆ ಕೆತ್ತಿಸಬೇಕು. ನೀವು ಮಾಡುವ ವೈನ್‌ಗಳು ಚೆನ್ನಾಗಿವೆ. ನಾನು ಇಲ್ಲವೆನ್ನುವುದಿಲ್ಲ. ಆದರೆ ಯಾರದ್ದು? ಕಣ್ಣು ಕಟ್ಟಿ ಕುಡಿಸಿದರೆ ನಿಮ್ಮದನ್ನು ನೀವೇ ಗುರುತು ಹಿಡಿಯುತ್ತೀರಾ?

ನನ್ನ ರುಚಿಯನ್ನು ಹೇಳಿಬಿಡುತ್ತೇನೆ. ಸಿಹಿ ವೈನ್ ನನಗೆ ಸೇರುವುದಿಲ್ಲ. ಅದು ಎಲ್ಲದಕ್ಕೂ ಹೂಂಗುಟ್ಟುವ ನೆಂಟನ ಹಾಗೆ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಮಾಡಿದ ವೈನೂ ಬೇಡ. ಅಷ್ಟು ತಣ್ಣಗೆ ಮಾಡುವುದು ಮುಚ್ಚಿಡಬೇಕಾದ್ದೇನೋ ಇದ್ದಾಗ. ನನಗೆ ಬೇಕಾದ್ದು ಮೊದಲು ಹುಳಿ, ಆಮೇಲೆ ನಾಲಿಗೆಯ ಬುಡದಲ್ಲಿ ಒಂದಿಷ್ಟು ಕಹಿ, ಮಾತಿಗೆ ಮಾತು ಕೊಡುವ ವೈನ್. ಹೆಂಡತಿಯ ವಿಷಯದಲ್ಲಿಯೂ ನನ್ನ ರುಚಿ ಅದೇ ಇತ್ತು, ದೇವರು ಧಾರಾಳವಾಗಿಯೇ ಕೊಟ್ಟ. ಇನ್ನು, ವೈನ್ ಮಸುಕಾಗಿರಬೇಕು. ಹೌದು, ಮಸುಕು! ಇದೇ ಬಳಗದ ಸ್ಪರ್ಧೆಯಲ್ಲಿ ಇದೇ ವೇದಿಕೆಯ ಮೇಲೆ ತೀರ್ಪುಗಾರರೊಬ್ಬರು ನಮ್ಮ ವೈನನ್ನು ಬೆಳಕಿಗೆ ಹಿಡಿದು "ಇದೇನ್ರೀ, ಪಾತ್ರೆ ತೊಳೆದ ನೀರಾ?" ಎಂದು ಹೂಕುಂಡಕ್ಕೆ ಉಗುಳಿದ್ದರು. ಅವರೀಗ ಇಲ್ಲ. ಹೂಗಿಡ ಮಾತ್ರ ಬಹಳ ಚೆನ್ನಾಗಿ ಬೆಳೆಯಿತು. ಆ ದಿನ ನಕ್ಕವರಲ್ಲಿ ಕೆಲವರು ಇಂದು ಮುಂದಿನ ಸಾಲಿನಲ್ಲಿದ್ದಾರೆ. ನನಗೆ ನೆನಪಿನ ಕಾಯಿಲೆ ಇದೆ, ಏನು ಮಾಡಲಿ?

ಇರಲಿ. ಈ ವರ್ಷ ನಿಮಗೆ ಇದ್ದಕ್ಕಿದ್ದಂತೆ ಪರಂಪರೆಯ ಮೇಲೆ ಪ್ರೀತಿ ಹುಟ್ಟಿತು. ನನಗೆ ಸನ್ಮಾನ ಎಂದಿರಿ. ಪರದೆಯ ಮೇಲೆ ತೋರಿಸಲು ನಮ್ಮ ನೆಲಮಾಳಿಗೆಯ ಚಿತ್ರ ಬೇಕೆಂದಿರಿ. ನಾನೂ ನನ್ನ ಹೆಂಡತಿಯೂ ದ್ರಾಕ್ಷಿ ಕೊಯ್ಲಿಗೆ ಹೋಗಿದ್ದಾಗ ನಿಮ್ಮ ಸಮಿತಿ ಮನೆಗೆ ಬಂತು. ಬಾಗಿಲು ತೆಗೆದದ್ದು ನನ್ನ ಅಳಿಯ. ಒಳ್ಳೆಯ ಹುಡುಗ, ಯಾರಿಗೂ ಇಲ್ಲ ಎನ್ನಲು ಬಾರದವನು. ಸಮಿತಿ ಒಳಗೆ ಹೋಗಿ ನೋಡಿತು. ಗೋಡೆ ಕಪ್ಪಗಿದೆ, ಚಿತ್ರ ಚೆನ್ನಾಗಿ ಬರುವುದಿಲ್ಲ. ಸರಿ, ಗೋಡೆಗೆ ಔಷಧಿ ಹೊಡೆದರು, ಬೂಷ್ಟು ಕೆರೆದರು, ಸುಣ್ಣ ಬಳಿದರು. ತೊಟ್ಟಿಯನ್ನು ಬಿಳುಪಿನ ಪುಡಿ ಹಾಕಿ ತಿಕ್ಕಿದರು. ಪೀಪಾಯಿಗಳೊಳಗೆ ಗಂಧಕದ ಹೊಗೆ ಹಾಕಿದರು. ಮೊಳೆಯಲ್ಲಿದ್ದ ಕೊಳಕು ಕೋಲನ್ನು ಅಳಿಯನಿಗೂ ಹೇಳದೆ ಸ್ಮರಣಿಕೆ ಮಾಡಲೆಂದು ಒಯ್ದರು. ನಮ್ಮಲ್ಲಿ ಉಳಿದಿದ್ದ ಹಳೆಯ ಬಾಟಲಿಗಳನ್ನೆಲ್ಲ ಇಂದಿನ ಊಟಕ್ಕೆಂದು ಎತ್ತಿಕೊಂಡು ಹೋಗಿ ಯಂತ್ರದಲ್ಲಿ ಸೋಸಿದರು. ನಿಮ್ಮ ಲೋಟದಲ್ಲಿ ಕನ್ನಡಿಯ ಹಾಗೆ ಹೊಳೆಯುತ್ತಿದೆಯಲ್ಲ, ಅದು ನಮ್ಮದೇ. ಅದರಲ್ಲಿ ಈಗ ಜೀವವೊಂದನ್ನು ಬಿಟ್ಟು ಎಲ್ಲವೂ ಇದೆ.

ಕೊಯ್ಲು ಮುಗಿಸಿ ಬಂದು ನನ್ನ ಹೆಂಡತಿ ಮೆಟ್ಟಿಲು ಇಳಿದಳು. ಕೆಳಗಿನಿಂದ ಕೂಗಿದಳು: "ಯಾರನ್ನ ಒಳಗೆ ಬಿಟ್ಟಿದ್ದು?"

"ಬಳಗದವರು ಅತ್ತೆ. ಕ್ಲೀನ್ ಮಾಡ್ಕೊಡ್ತೀವಿ ಅಂದ್ರು. ನೀವು ಖುಷಿ ಪಡ್ತೀರ ಅಂದ್ಕೊಂಡೆ," ಎಂದ ಅಳಿಯ.

"ಖುಷಿ ಆಯ್ತಪ್ಪ. ಥೇಟ್ ಆಸ್ಪತ್ರೆ ಆಗಿದೆ. ಒಂದು ಹೆಣ ತಂದು ಮಲಗಿಸಿದ್ರೆ ಮುಗೀತು."

ಅದು ಅವಳು ಜೋರಾಗಿ ಆಡಿದ ಕೊನೆಯ ಮಾತು. ದ್ರಾಕ್ಷಿ ಬಂದಾಗಿತ್ತು, ಕಾಯುವ ಹಾಗಿರಲಿಲ್ಲ. ಹಿಂಡಿದೆವು, ತೊಟ್ಟಿಗೆ ಸುರಿದೆವು, ಹೊಸದೊಂದು ಕೋಲಿನಿಂದ ಕಲಕಿದೆವು. ತೊಟ್ಟಿಗೆ ಕಿವಿಯಿಟ್ಟರೆ ಒಳಗೆ ದೊಡ್ಡ ಸಭೆ ನಡೆಯುತ್ತಿರುವ ಹಾಗೆ ಗುಜುಗುಜು ಕೇಳಿಸಬೇಕು. ಏನೂ ಇಲ್ಲ. ಸಿಪ್ಪೆ ಮೇಲೆದ್ದಿಲ್ಲ, ನೊರೆಯಿಲ್ಲ, ರಸ ಬೆಚ್ಚಗಾಗಿಲ್ಲ. ಇಂದು ಹೊರಡುವಾಗ "ನೀನೂ ಬರಲ್ವಾ?" ಎಂದು ಕೇಳಿದೆ. ಅವಳು ತೊಟ್ಟಿಯ ಪಕ್ಕದಲ್ಲಿ ಮೊಣಕಾಲು ಮಡಚಿ ಕುಳಿತಿದ್ದಳು. "ನೀವು ಹೋಗಿ ಹೊಗಳಿಸ್ಕೊಂಡು ಬನ್ನಿ. ಇದರ ಮೈ ಬಿಸಿ ಆಗ್ಲಿ ಅಂತ ಕಾಯ್ತಿದೀನಿ. ಯಾವ ತಾಯಿಗೂ ಬೇಡ ಇಂಥ ಕಾಯೋದು" ಎಂದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನಿಜ ಹೇಳಬೇಕೆಂದರೆ, ಈ ಪೆಟ್ಟಿಗೆಯನ್ನು ಹಿಡಿದುಕೊಂಡು ಆ ಮೆಟ್ಟಿಲು ಇಳಿಯಲು ನನಗೆ ಧೈರ್ಯವಿಲ್ಲ. ಅದಕ್ಕೇ ಇಷ್ಟು ಉದ್ದ ಮಾತಾಡುತ್ತಿದ್ದೇನೋ ಏನೋ.

ವೇದಿಕೆ ಹತ್ತುವಾಗ ರಸ ಹುದುಗುತ್ತಿಲ್ಲವೆಂದು ಅಧ್ಯಕ್ಷರಿಗೆ ತಿಳಿಸಿದೆ. ಅವರು ಬೆನ್ನು ತಟ್ಟಿ, "ಅಯ್ಯೋ, ಅದಕ್ಯಾಕೆ ತಲೆ ಕೆಡಿಸ್ಕೊಳ್ತೀರಿ? ಒಂದು ಪೊಟ್ಟಣ ಯೀಸ್ಟ್ ಹಾಕಿ ಸಾರ್, ಬೆಳಗಾಗೋದ್ರೊಳಗೆ ಕುದಿಯುತ್ತೆ" ಎಂದರು. ಕುದಿಯುತ್ತದೆ ಅಧ್ಯಕ್ಷರೇ, ನನಗೂ ಗೊತ್ತು. ಸುಮ್ಮನೆ ಬಿಟ್ಟರೂ ಸಿಪ್ಪೆಯ ಮೇಲಿನ ಯಾವುದೋ ದಾರಿಹೋಕ ಯೀಸ್ಟ್ ಎಂದಾದರೂ ಎದ್ದೀತು, ವೈನೋ ವಿನೆಗರೋ ಆದೀತು. ಆದರೆ ಹುಳಿಯತ್ತೆಯದು ಆಗುವುದಿಲ್ಲ, ನನ್ನ ಹೆಂಡತಿಯದೂ ಆಗುವುದಿಲ್ಲ. ಹಿತ್ತಾಳೆಯ ಪಟ್ಟಿಯ ಮೇಲೆ ನನ್ನ ಹೆಸರು ಹಾಕಿಸಿದ್ದೀರಿ. ಈ ಕೋಲನ್ನು ಮುಟ್ಟಲು ನನಗೆ ಅಪ್ಪಣೆ ಸಿಕ್ಕಿದ್ದೇ ಮಗಳು ಹುಟ್ಟಿದ ಮೇಲೆ! ರುಚಿ ನೋಡಿ ಹೌದು ಎನ್ನುವವಳು ನನ್ನ ಹೆಂಡತಿ, ಅಲ್ಲ ಎನ್ನುವವಳೂ ಅವಳೇ. ನಾನು ಬಾಟಲಿ ತೊಳೆಯುವವನು, ಸಭೆಗಳಲ್ಲಿ ಮಾತಾಡುವವನು. ಮುಖ್ಯ ಅತಿಥಿಗಳು ಈಗತಾನೇ "ಇಂಥದ್ದನ್ನು ಉಳಿಸಿಕೊಳ್ಳಬೇಕು" ಎಂದರು. ಉಳಿಸಿಕೊಳ್ಳುವುದು ಎಂದರೆ ಹೀಗೆಯೇ ಸ್ವಾಮಿ? ಉಜ್ಜಿ, ಕೊಂದು, ಗಾಜು ಹಾಕುವುದೇ?

ಬೈಯುವುದು ಮುಗಿಯಿತು. ಇನ್ನು ಬೇಡಬೇಕು. ಬೈದ ಬಾಯಲ್ಲೇ ಬೇಡುವುದು ಬಹಳ ಕಷ್ಟ, ಆದರೆ ಇಲ್ಲಿ ನಿಂತು ನಿಮ್ಮ ಮುಖಗಳನ್ನು ನೋಡುತ್ತಿರುವಾಗ ಒಂದು ವಿಷಯ ಹೊಳೆಯಿತು. ಹೋದ ವಾರ್ಷಿಕೋತ್ಸವದಲ್ಲಿ ನಿಮಗೆಲ್ಲ ಒಂದೊಂದು ಉಡುಗೊರೆ ಚೀಲ ಕೊಟ್ಟಿದ್ದರು. ಅದರಲ್ಲಿ ನಮ್ಮದೂ ಒಂದು ಬಾಟಲಿ ಇತ್ತು, ಸೋಸದೇ ಇದ್ದದ್ದು. ನಿಮ್ಮಲ್ಲಿ ಹೆಚ್ಚಿನವರು ಅದನ್ನು ತೆರೆದೇ ಇಲ್ಲ. ಅಲ್ಲವೆನ್ನಬೇಡಿ. ಬ್ಯಾಂಕಿನ ಮ್ಯಾನೇಜರರು "ಷೋಕೇಸಲ್ಲಿ ಇಟ್ಟಿದೀವಿ ಸಾರ್" ಎಂದು ನನಗೇ ಹೇಳಿದ್ದಾರೆ. ಹಲ್ಲಿನ ಡಾಕ್ಟರಮ್ಮ "ತಳದಲ್ಲಿ ಏನೋ ಕೆಸರಿದೆ, ಕೆಟ್ಟಿರಬೇಕು" ಎಂದರು. ಆಗ ನನಗೆ ಉರಿದುಹೋಗಿತ್ತು. ಇಂದು ನಿಮ್ಮ ಅಭಿರುಚಿಹೀನತೆಗೆ ಮನಸಾರೆ ಕೃತಜ್ಞನಾಗಿದ್ದೇನೆ. ಡಾಕ್ಟರಮ್ಮ, ಆ ಕೆಸರೇ ನನಗೆ ಬೇಕು. ಅದು ತಳಕ್ಕಿಳಿದ ಯೀಸ್ಟ್, ಈ ಕೋಲಿನ ಸಂತಾನ. ಅದರಲ್ಲಿ ಇನ್ನೂ ಉಸಿರಿದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಆ ರಸ ಹೆಚ್ಚು ದಿನ ಕಾಯುವುದಿಲ್ಲ, ಪಕ್ಕದಲ್ಲಿ ಕುಳಿತಿರುವವಳೂ ಕಾಯಲಾರಳು.

ಆದ್ದರಿಂದ ಊಟ ಮುಗಿಸಿ ಮನೆಗೆ ಹೋದವರು ದಯವಿಟ್ಟು ಕಪಾಟು ತೆರೆಯಿರಿ. ನಾನು ಈ ಕಟ್ಟಡದ ಮುಂಬಾಗಿಲಲ್ಲಿ ನಿಂತಿರುತ್ತೇನೆ. ಮೇಲಿನ ತಿಳಿಯನ್ನು ಬೇಕಾದರೆ ನೀವೇ ಬಗ್ಗಿಸಿಕೊಂಡು ಕುಡಿಯಿರಿ, ತಿಳಿ ಕಂಡರೆ ನಿಮಗೆ ಪ್ರೀತಿ. ತಳದಲ್ಲಿರುವುದನ್ನು ನನಗೆ ತಂದುಕೊಡಿ.

ಕೇಳಿಸಿಕೊಂಡದ್ದಕ್ಕೆ ಎಲ್ಲರಿಗೂ ವಂದನೆಗಳು, ಸಮಿತಿಯವರನ್ನೂ ಸೇರಿಸಿ. ನಮಸ್ಕಾರ. ಬಾಟಲಿ ತರುವಾಗ ಯಾರೂ ತೊಳೆಯಬೇಡಿ.