ಮನೆಮಂದಿಯೆಲ್ಲ ಕೂತು ನೋಡಬಹುದಾದ ಚಿತ್ರ

ಅಧ್ಯಕ್ಷತೆ ವಹಿಸಿರುವ ನಮ್ಮ ಧರ್ಮಗುರುಗಳಾದ ವಂದನೀಯ ಸಿಪ್ರಿಯನ್ ಸ್ವಾಮಿಗಳೇ, ಮುಖ್ಯ ಅತಿಥಿಗಳಾಗಿ ಬಂದಿರುವ, ಹನ್ನೊಂದು ವರ್ಷ ನನ್ನ ಪಕ್ಕದ ಕುರ್ಚಿಯಲ್ಲೇ ಕೂತು ಪಾಠದ ಟಿಪ್ಪಣಿ ಬರೆದ ನಿವೃತ್ತ ಮುಖ್ಯೋಪಾಧ್ಯಾಯರಾದ ಮಲ್ಲಿಕಾರ್ಜುನಯ್ಯನವರೇ, ಕುಟುಂಬ ದಿನದ ಕಾರ್ಯದರ್ಶಿ ಪ್ರಕಾಶ್ ಅವರೇ, ತರೀಕೆರೆ, ಕಡೂರು, ಅಜ್ಜಂಪುರದ ಕಡೆಯಿಂದ ಮಕ್ಕಳುಮರಿ ಕಟ್ಟಿಕೊಂಡು ಬಂದಿರುವ ತಾಯಂದಿರೇ, ಮಹನೀಯರೇ, ಸಭಿಕರೇ,

ನಮ್ಮ ಧರ್ಮಕೇಂದ್ರದ ಮಾಸಪತ್ರಿಕೆಯಲ್ಲಿ ಒಂಬತ್ತು ವರ್ಷ ಸಿನಿಮಾ ಪುಟ ಬರೆದ ಇನ್ನಾಸಪ್ಪ ಮೇಷ್ಟ್ರಿಗೆ ನೀವು ಇಂದು ಸನ್ಮಾನ ಮಾಡಿದ್ದೀರಿ. ಶಾಲು ಹೊದಿಸಿದ್ದೀರಿ, ಪೇಟ ತೊಡಿಸಿದ್ದೀರಿ. ಪೇಟ ಸ್ವಲ್ಪ ದೊಡ್ಡದಾಯಿತು, ಅದು ನಿಮ್ಮ ತಪ್ಪಲ್ಲ, ನನ್ನ ತಲೆ ಚಿಕ್ಕದು. ಇನ್ನು ಸ್ವಲ್ಪ ಹೊತ್ತಿಗೆ ದೀಪ ಆರಿಸಿ ಸಿನಿಮಾ ಹಾಕುತ್ತಾರೆ. ಅದಕ್ಕೂ ಮೊದಲು ಚಿತ್ರದ ನೈತಿಕ ಮೌಲ್ಯದ ಬಗ್ಗೆ ಐದು ನಿಮಿಷ ಮಾತಾಡಿ ಎಂದು ಪ್ರಕಾಶ್ ಹೇಳಿದ್ದಾರೆ. ಮಕ್ಕಳಿಗೆ ನನ್ನ ಮಾತು ಬೇಡ, ಸಿನಿಮಾ ಬೇಕು, ಗೊತ್ತಿದೆ. ಆದರೂ ಇಂದು ಐದು ನಿಮಿಷದಲ್ಲಿ ಮುಗಿಸಲಾರೆ, ಕ್ಷಮಿಸಿ.

ನೈತಿಕ ಮೌಲ್ಯವನ್ನು ನಾನು ಹೇಗೆ ಅಳೆಯುತ್ತಿದ್ದೆ? ನಿಮ್ಮಲ್ಲಿ ಅನೇಕರು ಕೇಳಿದ್ದೀರಿ, ನಾನು ಹೆಮ್ಮೆಯಿಂದ ಹೇಳಿದ್ದೇನೆ. ಒಂದು ನೋಟುಬುಕ್ಕು, ಒಂದು ಗಡಿಯಾರ. ಎಷ್ಟನೇ ನಿಮಿಷದಲ್ಲಿ ಕೆಟ್ಟ ಮಾತು ಬಂತು, ಎಷ್ಟು ಸಲ ಮದ್ಯದ ಬಾಟಲು ಕಂಡಿತು, ಉಡುಪು ಹೇಗಿತ್ತು, ರಕ್ತ ಕಾಣಿಸಿತೋ ಇಲ್ಲವೋ, ದೇವನಿಂದೆ ಇದೆಯೋ ಇಲ್ಲವೋ. ಎಲ್ಲಕ್ಕೂ ಒಂದೊಂದು ಗೆರೆ. ಒಮ್ಮೆ ಚಿತ್ರದಲ್ಲಿ ರೈತನೊಬ್ಬ ಎಮ್ಮೆಗೆ ಬೈದದ್ದನ್ನೂ ಕೆಟ್ಟ ಮಾತಿನ ಪಟ್ಟಿಗೆ ಸೇರಿಸಿದ್ದೆ. "ಎಮ್ಮೆ ಏನಾದ್ರೂ ಬಂದು ನಿಮ್ಮ ಹತ್ರ ದೂರು ಹೇಳ್ತೇನ್ರೀ ಇನ್ನಾಸಪ್ಪ?" ಎಂದು ಮಲ್ಲಿಕಾರ್ಜುನಯ್ಯನವರು ನಕ್ಕಿದ್ದರು. ನಾನು ನಕ್ಕಿರಲಿಲ್ಲ. ಮನೆಮನೆಗೂ ಒಳ್ಳೆಯ ಚಿತ್ರವನ್ನೇ ಕಳಿಸಬೇಕು, ಕೆಟ್ಟದ್ದನ್ನು ಬಾಗಿಲಲ್ಲೇ ತಡೆಯಬೇಕು ಎಂಬುದು ನನ್ನ ಹಟವಾಗಿತ್ತು.

ಇಂದು ನೀವು ನೋಡಲಿರುವ ಚಿತ್ರದ ಹೆಸರು ಆಮಂತ್ರಣ ಪತ್ರಿಕೆಯಲ್ಲಿದೆ, ಮತ್ತೆ ಹೇಳುವುದಿಲ್ಲ. ಬೇರೆ ಭಾಷೆಯಿಂದ ಕನ್ನಡಕ್ಕೆ ಡಬ್ ಮಾಡಿದ ಭಕ್ತಿಚಿತ್ರ. ನಾಲ್ಕು ವರ್ಷದ ಹಿಂದೆ, ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ, ಇದೇ ಸಭಾಂಗಣದಲ್ಲಿ ಒಮ್ಮೆ ತೋರಿಸಿದ್ದೆವು. ಎಲ್ಲರೂ ಮೆಚ್ಚಿದ ಚಿತ್ರ ಎಂದು ಈ ಸಲ ಮತ್ತೆ ತರಿಸಿದ್ದಾರೆ. ಕಥೆ ಹಲವರಿಗೆ ನೆನಪಿರಬಹುದು. ಗಂಡ ಕುಡುಕ. ಹೆಂಡತಿಯನ್ನು ಹೊಡೆಯುತ್ತಾನೆ. ಅವಳು ದೂರುವುದಿಲ್ಲ, ತವರಿಗೆ ಹೋಗುವುದಿಲ್ಲ, ಜಪಸರ ಹಿಡಿದು ಪ್ರಾರ್ಥಿಸುತ್ತಾಳೆ. ಕೊನೆಗೆ ಗಂಡ ಅವಳ ಕಾಲಿಗೆ ಬಿದ್ದು ಅಳುತ್ತಾನೆ. ಇಬ್ಬರೂ ಮಗುವಿನ ಕೈಹಿಡಿದು ದೇವಾಲಯದ ಮೆಟ್ಟಿಲು ಹತ್ತುತ್ತಾರೆ. ಮುಗಿಯಿತು.

ನಾನು ಆ ಚಿತ್ರಕ್ಕೆ ಪೂರ್ಣ ಅಂಕ ಕೊಟ್ಟೆ. ಒಂಬತ್ತು ವರ್ಷದಲ್ಲಿ ಪೂರ್ಣ ಅಂಕ ಪಡೆದ ಚಿತ್ರ ಅದೊಂದೇ. ಕೆಟ್ಟ ಮಾತು ಇಲ್ಲ. ಉಡುಪು ಸಭ್ಯ. ಹಿಂಸೆ ಇಲ್ಲ ಎಂದು ಬರೆದೆ. ಹೌದು, ಹಿಂಸೆ ಇಲ್ಲ ಎಂದೇ ಬರೆದೆ. ಏಕೆಂದರೆ ಅವನು ಹೊಡೆಯುವಾಗ ಪ್ರತಿ ಸಲವೂ ಬಾಗಿಲು ಮುಚ್ಚಿಕೊಳ್ಳುತ್ತದೆ, ಒಳಗೊಂದು ಪಾತ್ರೆ ಬಿದ್ದ ಸದ್ದು ಮಾತ್ರ ಕೇಳುತ್ತದೆ. "ನಿರ್ದೇಶಕರ ಸಂಯಮ ಮೆಚ್ಚತಕ್ಕದ್ದು, ಮನೆಮಂದಿಯೆಲ್ಲ ಕೂತು ನೋಡಬಹುದಾದ ಚಿತ್ರ." ಇವು ನನ್ನದೇ ವಾಕ್ಯಗಳು. ಮುಚ್ಚಿದ ಬಾಗಿಲಿಗೆ ನಾನು ಅಂಕ ಕೊಟ್ಟೆ ಸಭಿಕರೇ.

ಆ ಚಿತ್ರವನ್ನು ಮೊದಲು ನೋಡಿದ್ದು ನಮ್ಮ ಮನೆಯಲ್ಲಿ, ನಾನು ಮತ್ತು ನನ್ನ ಹೆಂಡತಿ ಸಂಪೂರ್ಣಮ್ಮ. ಕೊನೆಯಲ್ಲಿ ನಾನು ಅತ್ತೆ. ಅವಳು ಅಳಲಿಲ್ಲ. ಎದ್ದು ಅನ್ನಕ್ಕಿಡಲು ಹೋಗುವಾಗ ಒಂದು ಮಾತು ಹೇಳಿದಳು: "ಅಷ್ಟು ಏಟು ತಿಂದ್ರೂ ಆ ಹೆಂಗ್ಸಿನ್ ಮುಖ ಒಂದ್ಸಲಾನೂ ಊದ್ಲಿಲ್ಲ, ನೋಡಿದ್ರಾ?" ನಾನು ರೇಗಿದೆ. "ಎಂಥಾ ಚಿತ್ರದಲ್ಲಿ ಎಂಥದು ನೋಡ್ತೀಯೆ ನೀನು!" ಎಂದೆ. ಅವಳು ಅಕ್ಕಿ ತೊಳೆಯಲು ಹೋದಳು. ಅಂಕ ಹಾಕಬೇಕಾಗಿದ್ದದ್ದು ಅವಳು. ನೋಟುಬುಕ್ಕು ನನ್ನ ಕೈಯಲ್ಲಿತ್ತು.

ಈಗ ನನ್ನ ತಮ್ಮನ ಮಗಳ ವಿಷಯ ಹೇಳಬೇಕು. ನನ್ನ ತಮ್ಮ ರಾಯಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವನ ಒಬ್ಬಳೇ ಮಗಳು ಲೂರ್ದಮ್ಮ. ಕಡೂರಿನಲ್ಲಿ ಟಿಪ್ಪರ್ ಓಡಿಸುವ ಜ್ಞಾನರಾಜ್ ಎಂಬವನಿಗೆ ಕೊಟ್ಟು ಮದುವೆ ಮಾಡಿದ್ದೆವು. ಮದುವೆಯಲ್ಲಿ ತಂದೆಯ ಸ್ಥಾನದಲ್ಲಿ ನಿಂತವನು ನಾನು. ನಾಲ್ಕು ವರ್ಷದ ಹಿಂದೆ, ಈ ಚಿತ್ರ ತೋರಿಸುವ ಹೊತ್ತಿಗೆ, ಅವಳು ಗಂಡನನ್ನು ಬಿಟ್ಟು ಅಜ್ಜಂಪುರದಲ್ಲಿರುವ ತಾಯಿಯ ಮನೆಗೆ ಬಂದು ಮೂರು ತಿಂಗಳಾಗಿತ್ತು. ಯಾಕೆ ಬಂದಳು ಎಂದು ನಾನು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾಳೆ ಎಂಬ ಹೆದರಿಕೆ ನನಗಿತ್ತು.

ಸಿನಿಮಾ ನೋಡಲು ಅವಳನ್ನು ನಾನೇ ಕರೆದುಕೊಂಡು ಬಂದೆ. ಮುಗಿದ ಮೇಲೆ ಎಲ್ಲರೂ ಚಪ್ಪಲಿ ಹುಡುಕುತ್ತಿದ್ದರು. ಅವಳು ಅಗೋ ಆ ಬಾಗಿಲ ಹತ್ತಿರ ನಿಂತು ಕೇಳಿದಳು.

"ದೊಡ್ಡಪ್ಪಾ, ನಾನೂ ಹಂಗೇ ಇರ್ಬೇಕಿತ್ತಾ?"

ನಾನು ಗಂಡನ ಬಳಿಗೆ ಹೋಗು ಎನ್ನಲಿಲ್ಲ. ಈ ಮಾತನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಹೋಗು ಎನ್ನಲಿಲ್ಲ. "ಕೊನೇಲಿ ಏನಾಯ್ತು ಅಂತ ನೀನೇ ನೋಡ್ದಲ್ಲಮ್ಮ" ಎಂದೆ. ಅಷ್ಟೇ. ಒಬ್ಬ ಮೇಷ್ಟ್ರು ಹೇಳುವ ರೀತಿಯಲ್ಲಿ, ಉತ್ತರ ಅವಳೇ ಕಂಡುಕೊಳ್ಳಲಿ ಎಂಬಂತೆ ಹೇಳಿದೆ. ಮರುದಿನ ಸೋಮವಾರ ಬೆಳಿಗ್ಗೆ ಅವಳು ಬ್ಯಾಗು ಹಿಡಿದು ನಿಂತಿದ್ದಳು. ಬೀರೂರಿನವರೆಗೆ ನಾನೂ ಜೊತೆಯಲ್ಲಿ ಹೋಗಿ, ಕಡೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಕೂರಿಸಿ, ನಮ್ಮ ಮಾಸಪತ್ರಿಕೆ ಕೈಗಿಟ್ಟು ಬಂದೆ. ಬರುವಾಗ ಮನಸ್ಸು ಹಗುರವಾಗಿತ್ತು. ಒಂದು ಸಂಸಾರ ಉಳಿಸಿದೆ ಎಂದುಕೊಂಡಿದ್ದೆ.

ಹದಿನಾಲ್ಕು ತಿಂಗಳ ನಂತರ ಒಂದು ಮಧ್ಯಾಹ್ನ ಫೋನು ಬಂತು. ಲೂರ್ದಮ್ಮನ ಪಕ್ಕದ ಮನೆಯ ಜವರಮ್ಮ. ನಾನು ಆಕೆಯನ್ನು ಅಲ್ಲಿಯವರೆಗೆ ಕಂಡವನಲ್ಲ. "ನೀವೇನಾ ದೊಡ್ಡಪ್ಪ? ಬೇಗ ಬನ್ನಿ. ಆಸ್ಪತ್ರೇಲವ್ಳೆ" ಎಂದಳು. ನಾನು ಹೋದಾಗ ಜವರಮ್ಮ ವಾರ್ಡಿನ ಹೊರಗೆ ನೆಲದ ಮೇಲೆ ಕೂತಿದ್ದಳು. ಮುಚ್ಚಿದ್ದ ಬಾಗಿಲ ಚಿಲುಕ ಮುರಿದು ಒಳಗೆ ಹೋಗಿ, ಲೂರ್ದಮ್ಮನನ್ನು ಆಟೋದಲ್ಲಿ ಹಾಕಿಕೊಂಡು ಬಂದವಳು ಆಕೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: "ಮೇಷ್ಟ್ರಂತಲ್ಲ ನೀವು. ತಪ್ಪಿಸ್ಕೊಂಡು ಬಂದಿದ್ ಹೆಣ್ಣನ್ನ ವಾಪಸ್ ಕಳ್ಸಿದ್ ಯಾರು ಸ್ವಾಮಿ?"

ಒಳಗೆ ಹೋದೆ. ಸಭಿಕರೇ, ಮುಖ ಊದಿತ್ತು. ಗುರುತು ಸಿಗದಷ್ಟು ಊದಿತ್ತು. ಎಡಗಿವಿಗೆ ಬ್ಯಾಂಡೇಜು ಕಟ್ಟಿದ್ದರು. ಆ ಕಿವಿ ಮತ್ತೆ ಕೇಳುವುದಿಲ್ಲ ಎಂದು ಆಮೇಲೆ ಶಿವಮೊಗ್ಗದಲ್ಲಿ ಡಾಕ್ಟರು ಹೇಳಿದರು. ನಾನು ಅವಳ ಬಲಗಡೆಗೆ ಹೋಗಿ ಕೂತೆ. ಅವಳು ಕೇಳಿದಳು.

"ದೊಡ್ಡಪ್ಪಾ, ಆ ಸಿನಿಮಾದಲ್ಲಿ ಅವ್ನು ಬದಲಾಗಕ್ಕೆ ಎಷ್ಟು ದಿನ ಹಿಡೀತು?"

ನನಗೆ ಗೊತ್ತಿರಲಿಲ್ಲ. ಚಿತ್ರದಲ್ಲಿ ಅದನ್ನು ಹೇಳುವುದಿಲ್ಲ. ನನಗೆ ಗೊತ್ತಿದ್ದದ್ದು ಒಂದೇ, ಚಿತ್ರದ ಉದ್ದ ಒಂದು ಗಂಟೆ ಐವತ್ತೆರಡು ನಿಮಿಷ.

"ನಾನು ದಿನಾ ಮಾಡ್ತಿದ್ದೆ. ಒಂದಿನಾನೂ ಜಪ ತಪ್ಪಿಸ್ಲಿಲ್ಲ. ನಂದೇ ಏನಾದ್ರೂ ಕಮ್ಮಿ ಆಯ್ತಾ?" ಎಂದಳು.

ಹೇಳಿ ಸ್ವಾಮಿಗಳೇ, ಅವಳಿಗೆ ನಾನು ಏನು ಹೇಳಬೇಕಿತ್ತು? ಹತ್ತು ವರ್ಷ ಧರ್ಮೋಪದೇಶ ಕಲಿಸಿದವನು ನಾನು.

ಅವಳ ಬಟ್ಟೆ ತರಲು ಜವರಮ್ಮನ ಜೊತೆ ಆ ಮನೆಗೆ ಹೋದೆ. ಅಡುಗೆಮನೆಯಲ್ಲಿ, ಒಲೆಯ ಮೇಲಿನ ಗೋಡೆಗೆ, ಮಾಸಪತ್ರಿಕೆಯ ಒಂದು ಪುಟವನ್ನು ಅನ್ನದ ಅಗುಳಿನಲ್ಲಿ ಅಂಟಿಸಿದ್ದಳು. ನನ್ನ ಪುಟ. ಅಂಚಿನಲ್ಲಿ ಅರಿಸಿನದ ಬೆರಳಿನ ಗುರುತು. ಪೂರ್ಣ ಅಂಕ ಎಂದಿದ್ದಲ್ಲಿ ಪೆನ್ನಿನಲ್ಲಿ ಗೆರೆ ಎಳೆದಿದ್ದಳು. ಅದನ್ನು ಕೀಳಲು ನೋಡಿದೆ, ಅರ್ಧ ಬಂತು, ಅರ್ಧ ಗೋಡೆಯಲ್ಲೇ ಉಳಿಯಿತು.

ಜ್ಞಾನರಾಜನ ಮೇಲೆ ಕೇಸು ಹಾಕಿದ್ದೇವೆ, ಇನ್ನೂ ನಡೆಯುತ್ತಿದೆ. ಅವನು ಜಾಮೀನಿನ ಮೇಲೆ ಹೊರಗಿದ್ದಾನೆ. ಕಡೂರಿನಲ್ಲಿ ಭಾನುವಾರದ ಪೂಜೆಗೆ ಹೋಗುತ್ತಾನೆ, ಮುಂದಿನ ಸಾಲಿನಲ್ಲೇ ಕೂರುತ್ತಾನೆ ಎಂದು ಕೇಳಿದೆ. ಲೂರ್ದಮ್ಮ ಈಗ ಪೂಜೆಗೇ ಹೋಗುವುದಿಲ್ಲ.

ಇಲ್ಲಿಗೆ ನಿಲ್ಲಿಸಬೇಕೆಂದಿದ್ದೆ. ಬರೆದುಕೊಂಡು ಬಂದ ಕಾಗದ ಇಲ್ಲಿಗೇ ಮುಗಿಯುತ್ತದೆ, ಮುಂದಿನ ಹಾಳೆಯನ್ನು ಬರೆದು ಹರಿದುಹಾಕಿದ್ದೆ. ಆದರೆ ಮಲ್ಲಿಕಾರ್ಜುನಯ್ಯನವರು ಎದುರಿಗಿದ್ದಾರೆ, ಅವರ ಮುಂದೆ ಅರ್ಧ ಹೇಳಿ ಕೂರಲು ನಾಚಿಕೆಯಾಗುತ್ತದೆ. ಆ ಚಿತ್ರ ನೋಡಿ ನಾನು ಅತ್ತೆ ಎಂದೆನಲ್ಲ, ಯಾಕೆ ಅತ್ತೆ? ಆಗ ಭಕ್ತಿಯಿಂದ ಎಂದುಕೊಂಡಿದ್ದೆ. ಅಲ್ಲ. ಅಜ್ಜಂಪುರದ ಬಾಡಿಗೆ ಮನೆಯಲ್ಲಿದ್ದಾಗ, ಹೊಸ ಸಂಸಾರ, ನಾನು ಸಂಪೂರ್ಣಮ್ಮನ ಮೇಲೆ ಕೈ ಮಾಡಿದ್ದೇನೆ. ನಾನು ಕುಡಿದವನಲ್ಲ. ಕುಡಿಯದೆಯೇ ಹೊಡೆದೆ. ತೆರೆಯ ಮೇಲೆ ಆ ಗಂಡನನ್ನು ಹೆಂಡತಿ ಕ್ಷಮಿಸಿದಾಗ, ನನ್ನನ್ನೂ ಕ್ಷಮಿಸಿದಂತಾಯಿತು. ಯಾರೂ ನನ್ನನ್ನು ಏನೂ ಕೇಳದೆ ಬಿಟ್ಟಂತಾಯಿತು. ಅದಕ್ಕೇ ಅಷ್ಟು ಚೆನ್ನಾಗಿ ಕಂಡಿತು ಆ ಚಿತ್ರ.

ಮೂರು ಸಲ ಹೊಡೆದಿದ್ದೇನೆ ಎಂದು ನಾನು ನಂಬಿದ್ದೆ. ಈ ಭಾಷಣ ಬರೆಯುವಾಗ, ಹೇಳುವುದಾದರೆ ಸರಿಯಾಗಿ ಹೇಳೋಣ ಎಂದು ಅವಳನ್ನೇ ಕೇಳಿದೆ. ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ. "ಮೂರೇ ಅಂತ ಬರ್ಕೊಳ್ಳಿ. ಸಭೇಲಿ ಓದೋದಲ್ವಾ" ಎಂದಳು.

ಅವಳು ಇಂದು ಬಂದಿಲ್ಲ. ಮಂಡಿನೋವು ಎಂದು ನಾನು ಪ್ರಕಾಶ್ ಅವರಿಗೆ ಹೇಳಿದ್ದೆ. ಅದು ನಿಜವಲ್ಲ. ನೀವು ಸನ್ಮಾನ ಮಾಡುವುದನ್ನು ನೋಡಲು ಅವಳಿಗೆ ಮನಸ್ಸಿರಲಿಲ್ಲ.

ಸಭಿಕರೇ, ಚಿತ್ರದ ನೈತಿಕ ಮೌಲ್ಯ ಹೇಳಬೇಕಾದವನು ನನ್ನದನ್ನು ಹೇಳಿಕೊಂಡೆ. ಈಗ ಚಿತ್ರದ್ದು. ನಾಲ್ಕು ವರ್ಷದ ಹಿಂದೆ ಬರೆದದ್ದನ್ನು ಈ ಸಭೆಯ ಮುಂದೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಈ ಚಿತ್ರದಲ್ಲಿ ಹಿಂಸೆ ಇದೆ. ಮುಚ್ಚಿದ ಬಾಗಿಲಿನ ಹಿಂದೆ ಇದೆ, ಮೊದಲಿನಿಂದ ಕೊನೆಯವರೆಗೂ ಇದೆ. ಈ ಚಿತ್ರ ಹೆಂಡತಿಗೆ ಒಂದೇ ದಾರಿ ತೋರಿಸುತ್ತದೆ, ಆ ದಾರಿಯಲ್ಲಿ ಹೋದವಳೊಬ್ಬಳು ನನಗೆ ಗೊತ್ತು. ತೋರಿಸಬೇಕೋ ಬೇಡವೋ ಎಂಬುದನ್ನು ಸಿಪ್ರಿಯನ್ ಸ್ವಾಮಿಗಳು ತೀರ್ಮಾನಿಸಲಿ. ತೋರಿಸಿದರೆ ಒಂದು ವಿನಂತಿ: ಮುಗಿದ ಮೇಲೆ ಕೊನೆಯಲ್ಲಿ ಏನಾಯಿತು ನೋಡಿದೆಯಲ್ಲ ಎಂದು ಯಾವ ಹೆಣ್ಣುಮಗಳಿಗೂ ಹೇಳಬೇಡಿ. ಯಾರಾದರೂ ತವರಿಗೆ ಬಂದು ಕೂತಿದ್ದರೆ, ಯಾಕೆ ಬಂದೆ ಎಂದು ಕೇಳಿ. ಹೇಳುವವರೆಗೂ ಎದುರಿಗೇ ಕೂತಿರಿ. ಸಿನಿಮಾ ಪುಟ ಇನ್ನು ನಾನು ಬರೆಯುವುದಿಲ್ಲ.

ಇಷ್ಟನ್ನು ಹೇಳಲು ಲೂರ್ದಮ್ಮನ ಒಪ್ಪಿಗೆ ಕೇಳಿಕೊಂಡೇ ಬಂದಿದ್ದೇನೆ. ಅವಳು ಈಗ ತರೀಕೆರೆಯಲ್ಲಿ ಒಂದು ಕೋಣೆ ಮಾಡಿಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಒಪ್ಪಿಗೆ ಕೇಳಲು ಹೋದಾಗ ಮಿಷನ್ನು ನಿಲ್ಲಿಸಿ ಬಲಗಿವಿ ನನ್ನ ಕಡೆಗೆ ತಿರುಗಿಸಿದಳು. ಪೂರ್ತಿ ಕೇಳಿಸಿಕೊಂಡಳು.

"ಹೇಳಿ ದೊಡ್ಡಪ್ಪಾ. ಹೆಸ್ರು ಬೇಕಾದ್ರೂ ಹೇಳಿ. ಆದ್ರೆ ನಾನು ತಾಳ್ಮೆಯವಳು ಅಂತ ಮಾತ್ರ ಹೇಳ್ಬೇಡಿ. ಅದನ್ನ ಕೇಳಿ ಇನ್ಯಾರೋ ವಾಪಸ್ ಹೋಗ್ತಾರೆ."

ನಾನು ಹೇಳುವುದಿಲ್ಲ. ಇಷ್ಟು ಹೊತ್ತು ಮೈಕು ಕಿತ್ತುಕೊಳ್ಳದೆ ಕೂತ ಸ್ವಾಮಿಗಳಿಗೂ, ತಲೆ ತಗ್ಗಿಸದೆ ಕೇಳಿದ ತಾಯಂದಿರಿಗೂ, ತಲೆ ತಗ್ಗಿಸಿ ಕೇಳಿದ ಮಹನೀಯರಿಗೂ ನನ್ನ ವಂದನೆಗಳು.

ನಮಸ್ಕಾರ.