ತಪ್ಪೆಲ್ಲ ಪ್ಲೇಯರಿಂದು

ಮಸುಕು ಐತಿ ಅಂದ್ರ ಮಸುಕು ಐತಿ, ಊರಮ್ಮ. ಅದರಾಗ ನಗಾದೇನೈತಿ? ನಗು, ನಗು. ಹೊಸ ಟೀವಿ ತಂದು ಇನ್ನಾ ಪ್ಲಾಸ್ಟಿಕ್ ಹಾಳಿ ಬಿಚ್ಚಿಲ್ಲ, ಈಗ ಡಿವಿಡಿ ಪ್ಲೇಯರೂ ಬದಲಿ ಮಾಡಬೇಕಂತಾನ, ಲಾರಿ ಡ್ರೈವರ್ ಎರ್ರಿಯಪ್ಪಗ ಗಣಿ ರೊಕ್ಕ ತಲಿಗೇರೈತಿ ಅಂತ ಓಣ್ಯಾಗ ಅಂತಾರ, ಅಷ್ಟ ಅಲ್ಲ? ಅನ್ನಲಿ. ಗಂಡ ಹೇಳೋದನ್ನ ಹೆಂಡ್ತಿನೂ ಒಂದೀಟು ಕೇಳಬೇಕು. ಕುಂದ್ರು, ಬಿಡಿಸಿ ಹೇಳ್ತೀನಿ.

ಈ ಟೀವಿ ಐತಲ್ಲ, ಇದು ಹೆಚ್‌ಡಿ. ಅಂದ್ರ, ಮನಷ್ಯಾನ ಹುಬ್ಬಿನ ಕೂದಲಾ ಎಣಿಸಬೋದು ಅಂತ ಹೊಸಪೇಟಿ ಅಂಗಡಿಯವ ಹೇಳ್ಯಾನ. ಆದ್ರ ಪ್ಲೇಯರ್ ಹಳೇದು. ಹಿಂದ ನೋಡು, ಕೆಂಪು, ಬಿಳಿ, ಹಳದಿ, ಮೂರು ವೈರು. ಆ ಹಳದಿ ವೈರಿನಾಗ ಬರೋ ಚಿತ್ರ ಸಣ್ಣ ಟೀವಿಗಂತ ಇರೋದು. ಅದನ್ನ ಇಷ್ಟು ದೊಡ್ಡ ಗಾಜಿನ ಮ್ಯಾಲ ಎಳದು ಹಾಸಿದ್ರ ಏನಾಗತೈತಿ? ರೊಟ್ಟಿ ಭಾಳ ತಟ್ಟಿದ್ರ ನಡುವ ಹರಿಯಂಗಿಲ್ಲೇನು, ಹಂಗ. ಹೊಸ ಪ್ಲೇಯರಿಗೆ ಒಂದ ವೈರು, ಅಗಲಂದು. ಅದನ್ನ ಸಿಗಿಸಿದ್ರ ನಮ್ಮ ಮಗಳು ಗಂಗೋತ್ರಿ ಮದುವಿ ಡಿವಿಡಿ ಕನ್ನಡ್ಯಾಗ ನೋಡಿದಂಗ ಕಾಣತೈತಿ.

ಏನಂದಿ? ನಿನಗ ಈಗ ಹಂಗ ಕಾಣತೈತಾ? ಎದುರು ಮನಿ ಎರ್ರೆಮ್ಮಗೂ ಕಂಡಿತಾ... ನೀವು ಹೆಂಗಸರು ಸೀರಿ ನೋಡ್ತೀರಿ, ಒಡವಿ ನೋಡ್ತೀರಿ. ಚಿತ್ರ ಎಲ್ಲಿ ನೋಡ್ತೀರಿ?

ಹೌದು, ಸಣ್ಣ ಟೀವಿ ಇದ್ದಾಗೂ ಮಸುಕು ಅಂದಿದ್ದೆ. ಅದು ಟೀವಿ ತಪ್ಪು ಅಂದಕೊಂಡೆ. ಅದಕ್ಕ ಇದನ್ನ ತಂದೆ. ಇದರಾಗೂ ಹಂಗ ಐತಿ ಅಂದ ಮ್ಯಾಲ ಉಳದಿದ್ದು ಯಾವುದು? ಪ್ಲೇಯರ್. ಸರಿ ಐತಲ್ಲ ಮಾತು? ಮತ್ತೇನು ಉಳದೈತಿ... ಏನೂ ಉಳದಿಲ್ಲ.

ಕೇಬಲ್ಲಾ? ಕೇಬಲ್ ಹಾಕಿದ್ರೂ ಹಂಗ. ಯಾಕಂದ್ರ ಕೇಬಲ್ಲಿನವನ ವೈರಿನ ಮ್ಯಾಲ ಅದಿರಿನ ಧೂಳು ಕುಂತಿರತೈತಿ. ಸಂಡೂರಿಂದ ಇಲ್ಲೀತನ ಗಿಡದ ಎಲಿ ಎಲ್ಲಾ ಕೆಂಪಗಾಗ್ಯಾವು, ವೈರು ಬಿಡತೈತಾ? ಮತ್ತ ನಗ್ತಿ.

ಅದು ಇರಲಿ. ನಿನ್ನ ತಮ್ಮ ಭರಮಣ್ಣಗ ಹೇಳಿದ್ಯಾ? ನಾಳಿಯಿಂದ ನನ್ನ ಲಾರಿಗೆ ಕ್ಲೀನರ್ ಆಗಿ ಬರಲಿ. ಕಲಿಸೋದು ಭಾಳೇನಿಲ್ಲ. ಎಡಗಡಿ ಕುಂದ್ರಬೇಕು, ತಲಿ ಹೊರಗ ಹಾಕಿರಬೇಕು. ಬಾಗಿಲಿಗೆ ಒಂದು ಸಲ ಬಡದ್ರ ನಿಲ್ಲು, ಎರಡು ಸಲ ಬಡದ್ರ ಹೋಗು. ಬ್ಯಾರೇ ಲಾರ್‍ಯಾಗ ರಿವರ್ಸ್ ತಗೊಳ್ಳಾಗಷ್ಟ ಬಡೀತಾರ. ನನಗ ದಾರಿ ಉದ್ದಕ್ಕೂ ಬಡೀಬೇಕು. ಹಿಂದಿನ ಕ್ಲೀನರ್ ಪಂಪಣ್ಣ ಹಂಗ ಬಡೀತಿದ್ದ.

ಯಾಕಂದ್ರ ಧೂಳು. ಹಗಲಾಗ ಲೈಟ್ ಹಚ್ಚಿಕೊಂಡು ಹೋಗೋ ದಾರಿ ಅದು, ನಿನಗೇನು ಗೊತ್ತು. ಎದುರಿನ ಲೈಟು ಸೇವಂತಿ ಹೂವಿನಂಗ ಅರಳಿ ಬಿಡತೈತಿ. ಲಾರಿ ಎಲ್ಲಿ ಶುರು ಆತು, ಎಲ್ಲಿ ಮುಗೀತು... ಎಲ್ಲಾ ಡ್ರೈವರಿಗೂ ಹಂಗ ಕಾಣತೈತಿ. ಬೇಕಾದ್ರ ಕೇಳು ಹೋಗು. ಬ್ಯಾಡ, ಕೇಳಬ್ಯಾಡ.

ಪಂಪಣ್ಣ ಯಾಕ ಬಿಟ್ಟ ಅಂದ್ರ... ಕಂಪ್ಲಿಗೆ ಹೋದ, ಭತ್ತದ ನಾಟಿ ಐತಿ ಅವಂದು. ಜಗಳ ಇಲ್ಲ, ಏನಿಲ್ಲ. ವಡ್ಡು ಊರು ದಾಟಿದ ಮ್ಯಾಲ ಬಾಗಿಲು ತಗದು ಇಳದ, ಟವಲ್ ಹೆಗಲಿಗೆ ಹಾಕ್ಕೊಂಡು ನಡದುಬಿಟ್ಟ. ನಡು ದಾರ್‍ಯಾಗ ಯಾಕ ಇಳದ ಅಂತ ನನ್ನ ಕೇಳಿದ್ರ? ಎಮ್ಮಿ ಅಡ್ಡ ಬಂದಿತ್ತು ಅಂದ. ಕೈ ನೋಯೋಮಟ ಬಡದೆ, ನಿಲ್ಲಿಸಲಿಲ್ಲ ಅಂದ. ನಾ ನೋಡಿದಂಗ ಅಲ್ಲಿ ಎಮ್ಮಿ ಇರಲೇ ಇಲ್ಲ.

ಎಮ್ಮಿಗೇನೂ ಆಗಿಲ್ಲ. ಎದ್ದು ಹೋತಂತ.

ಕ್ಯಾಂಪಿನ ಸುದ್ದಿ ನಿನಗ ಯಾರು ಹೇಳಿದ್ರು? ಹೌದು, ಲಾರಿ ಮಾಲಕರು, ಜಡೆಪ್ಪ ಸಾವ್ಕಾರ್ರು, ಡ್ರೈವರಿಗೆಲ್ಲ ಕಣ್ಣಿನ ಕ್ಯಾಂಪ್ ಇಡಿಸಿದ್ರು, ಗಾದಿಗನೂರಾಗ. ಡಾಕ್ಟರ್ ಚೀಟಿ ಇಲ್ಲದವರ ಕೈಗೆ ಮುಂದಿನ ತಿಂಗಳಿಂದ ಸ್ಟೇರಿಂಗ್ ಇಲ್ಲ ಅಂದಾರ. ನಾ ಹೋಗಲಿಲ್ಲ. ಲೋಡ್ ಇತ್ತು, ಅದಕ್ಕ. ಭಯ ಯಾಕ ನಂಗ? ನಾವು ಪ್ಲೇಯರ್ ಮಾತಾಡಾಕತ್ತೀವಿ, ನೀ ನಡುವ ಕಣ್ಣು ತರಬ್ಯಾಡ. ಆಪರೇಷನ್ ಮಾತಂತೂ ಎತ್ತಲೇಬ್ಯಾಡ. ನಿಮ್ಮಪ್ಪಗ ಮಾಡಿಸಿದ್ರಲ್ಲ, ಆಮ್ಯಾಲ ಸಾಯೋತನ ಗ್ವಾಡಿ ಹಿಡಕೊಂಡು ಅಡ್ಡಾಡಿದ. ಸ್ಟೇರಿಂಗ್ ಬಿಟ್ರ ಈ ಕೈಗೆ ಬ್ಯಾರೇ ಏನು ಬರತೈತಿ, ಹೇಳು? ಸಾವ್ಕಾರ್ರ ಮನಿ ಗೇಟ್ ತಗದು ಹಾಕಲಾ?

ಸರಿ. ನಂಬಿಕಿ ಇಲ್ಲಂದ್ರ ಡಿವಿಡಿ ಹಚ್ಚು. ತಪ್ಪು ಪ್ಲೇಯರಿಂದು ಅಂತ ನಾ ತೋರಸ್ತೀನಿ. ಹಚ್ಚು ಅಂದೆ.

ಹಾಂ, ನೋಡು. ಹಂದರ. ಇವರೆಲ್ಲ ಅಕ್ಷತಿ ಹಾಕಾಕತ್ತಾರ. ಆ ಕಂಬಕ್ಕ ಆನಿಕೊಂಡು ಒಬ್ಬಾವ ನಿಂತಾನಲ್ಲ, ಬಿಳಿ ಅಂಗಿ, ತಲಿಗೆ ಪಟಗ? ಅವನ ಮಾರಿ ಎಲ್ಲೈತಿ? ಮಾರಿ ಇರೋ ಜಾಗಕ್ಕ ಯಾರೋ ಹಿಟ್ಟು ಮೆತ್ತಿದಂಗೈತಿ. ಇದ ನಾ ಹೇಳಿದ್ದು, ನೋಡಿದ್ಯಾ? ಇಷ್ಟು ಎದ್ದು ಕಾಣೋ ಮನಷ್ಯಾನ್ನೂ ಈ ಪ್ಲೇಯರ್ ಅಳಿಸಿ ಹಾಕೈತಿ. ಬೀಗರ ಕಡಿಯವ ಇರಬೇಕು. ಎಲ್ಲರೂ ಅಕ್ಷತಿ ಹಾಕಾಕತ್ತಾರ, ಇವಂಗ ಕೈ ಎತ್ತಾಕೂ ಸೊಕ್ಕು. ಯಾರವ? ಅಳಿಯನ ದೊಡ್ಡಪ್ಪನಾ?

ಯಾಕ ಚಿತ್ರ ನಿಲ್ಲಿಸಿದಿ?

ಯಾರು ಅಂತ ಕೇಳಿದೆ.

ಊರಮ್ಮ... ಇಷ್ಟೊತ್ತು ನಗಾಕತ್ತಿದ್ದಿ. ಹೆಸರು ಹೇಳಾಕ ಏನಾತು?

ಧಾರಿ ಎರದು ಬಂದ ಮ್ಯಾಲ ನಾನೂ ಒಂದು ಕಂಬದ ಹತ್ರ ನಿಂತಿದ್ದೆ. ಬಿಳಿ ಅಂಗಿನ ಹಾಕಿದ್ದೆ ಅವತ್ತು... ಪಟಗ ನೀನ ಕೊಟ್ಟಿದ್ದಿ. ಆದ್ರ ಅಷ್ಟು ದಪ್ಪ ಎಲ್ಲಿದ್ದೆ ನಾ? ಅವ ನಾನಲ್ಲ. ಅಲ್ಲ ಅಂತ ಹೇಳು.

ನಿನಗ ಕೈ ಮುಗೀತೀನಿ. ಪ್ಲೇಯರ್ ಬ್ಯಾಡ. ಬಿಡು, ಹಳೇದ ಇರಲಿ, ನಾ ಇನ್ನು ಅದರ ಸುದ್ದಿ ಎತ್ತಂಗಿಲ್ಲ. ಭರಮಣ್ಣನ ಮಾತ್ರ ನಾಳಿ ಕಳಸು. ಅವ ಗಟ್ಟ್ಯಾಗಿ ಬಡದ್ರ ಸಾಕು, ನಾ ಹೊಡ್ಕೊಂಡು ಹೋಗ್ತೀನಿ. ಸಾವ್ಕಾರ್ರಿಗೆ ಯಾರು ಹೇಳ್ತಾರ? ನಿನ್ನ ತಮ್ಮ ಹೇಳಂಗಿಲ್ಲ, ನೀ ಹೇಳಂಗಿಲ್ಲ. ಕಳಸ್ತೀಯಲ್ಲ?

ತಲಿ ಆಡಿಸಿದಿ ಏನು?

ಹೂಂ ಅಂತ ಆಡಿಸಿದ್ಯಾ, ಉಹೂಂ ಅಂತ ಆಡಿಸಿದ್ಯಾ? ಬಾಯಿ ಬಿಟ್ಟು ಹೇಳು ಊರಮ್ಮ. ನಂಗ ಇಲ್ಲಿಂದ ಗೊತ್ತಾಗವಲ್ದು.