ಇಪ್ಪತ್ತು ಮೊಳೆ ಹಿಡಿಯುತ್ತಿದ್ದ ಬಾಯಿ

ಅಧ್ಯಕ್ಷ ಸ್ಥಾನದಲ್ಲಿರುವ ನಮ್ಮ ಸೋಫಾ ಕಾರ್ಖಾನೆಯ ಮಾಲೀಕರೇ, ಅಂದರೆ ನನ್ನ ಅಕ್ಕನ ಮಗ, ಸೋದರಳಿಯನೇ, ಮುಖ್ಯ ಅತಿಥಿಗಳಾದ ದಂತವೈದ್ಯರೇ, ಮುಂದಿನ ಸಾಲಿನ ಗಣ್ಯರೇ, ಹಿಂದೆ ನಿಂತು ಊಟದ ಕೋಣೆಯ ಬಾಗಿಲನ್ನೇ ನೋಡುತ್ತಿರುವ ನನ್ನ ಜೊತೆಗಾರರೇ, ಸಭಿಕರೇ,

ಸೋಫಾ ಹೊಲಿಯುವವನ ಬೀಳ್ಕೊಡುಗೆಗೆ ದಂತವೈದ್ಯರು ಯಾಕೆ ಮುಖ್ಯ ಅತಿಥಿ ಎಂದು ನಿಮಗೆ ಆಶ್ಚರ್ಯವಾಗಿರಬಹುದು. ನನಗೂ ಆಗಿತ್ತು. ಈಗ ಹತ್ತು ನಿಮಿಷದ ಹಿಂದೆ ಅಳಿಯ ಮೈಕಿನಲ್ಲಿ ಘೋಷಿಸಿದ: "ನಮ್ಮ ಮಾವನಿಗೆ ಕಾರ್ಖಾನೆಯ ಖರ್ಚಿನಲ್ಲಿ ಇಂಪ್ಲಾಂಟ್ ಹಲ್ಲು." ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಇನ್ನೂರು ಜನರ ಎದುರು ಒಬ್ಬನ ಬಾಯಿ ಬೋಳಾಗಿದೆ ಎಂದು ಸಾರುವುದು ಸನ್ಮಾನವೇ? ಅಳಿಯನೇ, ನಿನ್ನ ತಲೆಯೂ ಬೋಳಾಗಿದೆ. ನಾನು ಎಂದಾದರೂ ಮೈಕು ಹಿಡಿದೆನೇ?

ಇವತ್ತು ಮಾತಿನ ನಡುವೆ ಸೀಟಿಯ ಸದ್ದು ಬಂದರೆ ಮೈಕಿನವರನ್ನು ಬೈಯಬೇಡಿ. ಅದು ನನ್ನ ಬಾಯಿಯದು. ಹಲ್ಲಿನ ಸೆಟ್ಟು ಜೇಬಿನಲ್ಲಿದೆ. ಯಾಕೆ ಜೇಬಿನಲ್ಲಿದೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಆದರೆ ಈ ಬಾಯಿಯ ವಿದ್ಯೆ ಯಾವ ಕಾಲೇಜಿನಲ್ಲಿದೆ? ಒಂದೇ ಸಲಕ್ಕೆ ಇಪ್ಪತ್ತು ಸಣ್ಣ ಮೊಳೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ನಾಲಿಗೆಯಲ್ಲೇ ಒಂದೊಂದನ್ನು ತಿರುಗಿಸಿ, ಮುಂದಿನ ಹಲ್ಲಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಅಂಟಿಸಿ, ಬಟ್ಟೆಗೆ ಹೊಡೆಯುತ್ತಿದ್ದೆ. ಕೈ ಎರಡೂ ಬಟ್ಟೆ ಎಳೆಯುವುದಕ್ಕೆ, ಸುತ್ತಿಗೆ ಹಿಡಿಯುವುದಕ್ಕೆ. ನಲವತ್ತು ವರ್ಷದಲ್ಲಿ ನುಂಗಿದ್ದು ಮೂರೇ ಮೊಳೆ. ನಾಲ್ಕು ಎಂದು ಹೇಳುವವರು ಹೊಟ್ಟೆಕಿಚ್ಚಿನವರು.

ಹಲ್ಲು ಸವೆದವು, ಬಿರುಕು ಬಿಟ್ಟವು, ಮೇಲಿನ ಸಾಲು ಪೂರ್ತಿ ಹೋಯಿತು. ಆಮೇಲೆ ಶುರುವಾಯಿತು ನೋಡಿ, ಎಲ್ಲರ ಯಜಮಾನಿಕೆ. ಮಗಳು ಸೆಟ್ಟೇ ಸಾಕು ಎಂದಳು. ಅಳಿಯ ಇಂಪ್ಲಾಂಟೇ ಆಗಬೇಕು ಎಂದ. ಹಲ್ಲು ಯಾರ ಬಾಯಿಗೆ? ಒಬ್ಬರಾದರೂ ನನ್ನನ್ನು ಕೇಳಿದರೇ?

ವೈದ್ಯರು ಎಕ್ಸ್‌ರೇ ತೋರಿಸಿ, ದವಡೆಯ ಮೂಳೆ ತೆಳುವಾಗಿದೆ, ಸ್ಕ್ರೂ ಕೂರಿಸಬೇಕಾದರೆ ಮೊದಲು ಮೂಳೆ ತುಂಬಿಸಬೇಕು ಎಂದರು. ನಾನು ಬಿಡುತ್ತೇನೆಯೇ? "ಹುಳ ತಿಂದ ಮರಕ್ಕೆ ಸ್ಕ್ರೂ ಹಿಡಿಯಲ್ಲ ಅಂತ ನನಗೇ ಹೇಳಿಕೊಡ್ತೀರಾ ಡಾಕ್ಟ್ರೇ?" ಎಂದೆ. "ಹಾಗಾದ್ರೆ ಇಬ್ಬರದೂ ಒಂದೇ ಮಾತಾಯ್ತಲ್ಲ ಯಜಮಾನ್ರೇ" ಎಂದರು. ಇಂಪ್ಲಾಂಟ್ ಹಾಕಿಸಿಕೊಂಡರೆ ಮೊಳೆ ಹಿಡಿಯಬಹುದೇ ಎಂದು ಕೇಳಿದೆ. "ನಿವೃತ್ತಿ ಆಗ್ತಿದೀರಲ್ಲ, ಇನ್ನು ಮೊಳೆ ಯಾಕೆ?" ಎಂದರು. ವೈದ್ಯರೇ, ಆ ಮಾತಿಗೆ ನಾನು ನಿಮ್ಮನ್ನು ಇನ್ನೂ ಕ್ಷಮಿಸಿಲ್ಲ.

ಸದ್ಯಕ್ಕೆ ಸೆಟ್ಟು ಮಾಡಿಸಿಕೊಟ್ಟರು. ಒಂದು ಕಡೆ ಒಸಡಿಗೆ ಒತ್ತುತ್ತಿತ್ತು. ಒತ್ತಿದರೆ ಬಂದು ತೋರಿಸಿ ಎಂದು ಅವರು ಹೇಳಿದ್ದು ನಿಜ. ಆದರೆ ನಲವತ್ತು ವರ್ಷ ಮರ ಉಜ್ಜಿದ ಕೈ ಸುಮ್ಮನಿರುತ್ತದೆಯೇ? ಎಮರಿ ಪೇಪರು ತೆಗೆದುಕೊಂಡು ನಾನೇ ಉಜ್ಜಿದೆ. ಎಂಥ ನುಣುಪು ಬಂತು ಎನ್ನುತ್ತೀರಿ! ಕನ್ನಡಿಯಂತೆ ಹೊಳೆಯಿತು. ಬಾಯಲ್ಲಿ ಮಾತ್ರ ನಿಲ್ಲಲಿಲ್ಲ. ಮೊಮ್ಮಗಳು ಬೀಳಿಸಿದಳು ಎಂದು ವೈದ್ಯರಿಗೆ ಹೇಳಿದೆ. ಆ ಮಗುವಿಗೆ ಇನ್ನೂ ಕೂರಲು ಬರುವುದಿಲ್ಲ.

ಆವತ್ತು ಊಟಕ್ಕೆ ಕೂತಾಗ ನೆತ್ತಿಗೇರಿದ್ದ ಸಿಟ್ಟನ್ನೆಲ್ಲ ಹೆಂಡತಿಯ ಮೇಲೆ ತೀರಿಸಿದೆ. ಅನ್ನ ಗಟ್ಟಿ, ಪಲ್ಯ ಗಟ್ಟಿ, ಹಲ್ಲಿಲ್ಲದವನು ಹೇಗೆ ತಿನ್ನಬೇಕು ಎಂದು ತಟ್ಟೆ ದೂಡಿದೆ. ಅವಳು ಅಡುಗೆಮನೆಯಿಂದ ತನ್ನ ತಟ್ಟೆ ತಂದು ಮುಂದಿಟ್ಟಳು. ಎಲ್ಲವನ್ನೂ ಹಿಚುಕಿ ಮುದ್ದೆ ಮಾಡಿದ್ದಳು.

"ಇದನ್ನ ತಿನ್ನಿ, ಮೆತ್ತಗಿದೆ. ಒಂಬತ್ತು ವರ್ಷದಿಂದ ನಾನು ತಿನ್ನೋದು ಹೀಗೇನೇ" ಎಂದಳು.

ಅವಳ ಮುಂದಿನ ಹಲ್ಲುಗಳಿವೆ, ನೋಡುವವರಿಗೆ ತಿಳಿಯುವುದಿಲ್ಲ. ಹಿಂದೆ ಎರಡೂ ಕಡೆ ದವಡೆ ಖಾಲಿ. ಎಲ್ಲರದೂ ಆದ ಮೇಲೆ ಅವಳು ಊಟ ಮಾಡುವುದು, ಒಂದು ತುತ್ತಿಗೆ ಅರ್ಧ ಗಂಟೆ ತೆಗೆದುಕೊಳ್ಳುವುದು, ಇವೆಲ್ಲ ಅವಳ ಸೋಮಾರಿತನ ಎಂದು ನೆಂಟರ ಮುಂದೆ ಎಷ್ಟು ಸಲ ನಗೆಚಾಟಿಕೆ ಮಾಡಿದ್ದೇನೋ! ನನ್ನ ಹಲ್ಲಿಗೆ ಮನೆಯೆಲ್ಲ ಪಂಚಾಯಿತಿ ಸೇರಿತು. ಅವಳ ಹಲ್ಲು ಯಾವಾಗ ಹೋಯಿತು, ಎಷ್ಟು ನೋವಾಯಿತು, ಯಾರು ಕರೆದುಕೊಂಡು ಹೋಗಿ ಕೀಳಿಸಿದರು? ಒಬ್ಬಳೇ ಹೋಗಿ ಬಂದಿದ್ದಳಂತೆ. ನಾನು ಆಗ ಕಾರ್ಖಾನೆಯಲ್ಲಿ ಮೊಳೆ ಎಣಿಸುತ್ತಿದ್ದೆ.

ಅವತ್ತಿನಿಂದ ಸಿಟ್ಟು ಇಳಿದಿಲ್ಲ, ಸಭಿಕರೇ. ಅಳಿಯನ ಮೇಲೆ ಹಾಕಿ ನೋಡಿದೆ, ವೈದ್ಯರ ಮೇಲೆ ಹಾಕಿ ನೋಡಿದೆ. ಎಲ್ಲಿಯೂ ಅದು ಸರಿಯಾಗಿ ಕೂರುತ್ತಿಲ್ಲ.

ಆದ್ದರಿಂದ ಈ ವೇದಿಕೆಯಿಂದಲೇ ತೀರ್ಮಾನ ಹೇಳುತ್ತೇನೆ. ನನಗೆ ಇನ್ನೊಂದು ಸೆಟ್ಟು ಸಾಕು. ಎಮರಿ ಪೇಪರು ಮುಟ್ಟುವುದಿಲ್ಲ. ಇಂಪ್ಲಾಂಟ್ ಅವಳಿಗೆ. ವೈದ್ಯರ ಬಳಿ ನಾಳೆ ಹನ್ನೊಂದು ಗಂಟೆಗೆ ನನ್ನ ಬದಲು ಅವಳ ಹೆಸರು ಬರೆಸಿಯೂ ಆಗಿದೆ. ಚಪ್ಪಾಳೆ ತಟ್ಟಿ.

ಅಲ್ಲಿ ಮೂರನೆಯ ಸಾಲಿನಲ್ಲಿ ಅವಳು ಬೇಡ ಎಂದು ತಲೆ ಆಡಿಸುತ್ತಿದ್ದಾಳೆ. ಯಾಕೇ, ಸ್ಕ್ರೂಗೆ ಹೆದರಿಕೆನಾ? ಸೆಟ್ಟು ಸಾಕಾ? ಏನೂ ಬೇಡವಾ?

ನೀವು ಹಾಗೆ ನನ್ನನ್ನು ನೋಡಬೇಡಿ. ಇಲ್ಲ, ಕೇಳಿರಲಿಲ್ಲ. ಅವಳನ್ನು ನಾನೂ ಕೇಳಿರಲಿಲ್ಲ.

ಇಷ್ಟು ಹೊತ್ತು ನನ್ನ ಸೀಟಿ ಸಹಿಸಿಕೊಂಡ ನಿಮಗೆ, ನಲವತ್ತು ವರ್ಷ ನನ್ನನ್ನು ಸಹಿಸಿಕೊಂಡ ಕಾರ್ಖಾನೆಗೆ, ಸುಳ್ಳು ಎಂದು ತಿಳಿದೂ ಸುಮ್ಮನಿದ್ದ ವೈದ್ಯರಿಗೆ ಕೃತಜ್ಞತೆಗಳು. ಅಳಿಯನೇ, ಆ ಉದ್ದನೆಯ ವೈರಿನ ಮೈಕನ್ನು ಮೂರನೆಯ ಸಾಲಿಗೆ ತೆಗೆದುಕೊಂಡು ಹೋಗು. ಅವಳು ನಿಧಾನಕ್ಕೆ ಮಾತಾಡುತ್ತಾಳೆ, ಯಾರೂ ಅವಸರ ಮಾಡಬೇಡಿ. ನಾನು ಕೂತುಕೊಳ್ಳುತ್ತೇನೆ. ನಮಸ್ಕಾರ.